ಮೊಡವೆ ಅಂದುಕೊಂಡಿದ್ದು ಮೊಡವೆ ಆಗಿರಲಿಲ್ಲ: 11 ವರ್ಷದ ಹುಡುಗಿಯ ಲೇಸರ್ ಚಿಕಿತ್ಸೆಯ ಪ್ರಕರಣ

ಅವಳ ಬ್ಯಾಗಿನಲ್ಲಿ ಕಡು ನೀಲಿ ಬಣ್ಣದ ಒಂದು ಚಿಕ್ಕ ಟವೆಲ್ ಇತ್ತು. ಕುರ್ಚಿಯಲ್ಲಿ ಕೂತ ಕೂಡಲೇ ಅದನ್ನು ತೆಗೆದು ತೊಡೆಯ ಮೇಲೆ ಇಟ್ಟುಕೊಂಡಳು. ವಯಸ್ಸು 11. ಯಾಕೆ ಟವೆಲ್ ಅಂತ ಕೇಳಿದೆ. "ಬಿಳಿ ಆದರೆ ಕಾಣುತ್ತೆ" ಅಂದಳು.

ಮುಖ ಒರೆಸಿದಾಗಲೆಲ್ಲ ಮೂಗಿನ ಪಕ್ಕದ ಗುಳ್ಳೆಗಳಿಂದ ರಕ್ತ ಜಿನುಗುತ್ತಿತ್ತು. ಒಂದೊಂದು ಸಲ ಒಂದೇ ಚುಕ್ಕೆ, ಒಂದೊಂದು ಸಲ ನಾಲ್ಕೈದು. ಅವಳ ತಾಯಿ ಬಂದಿದ್ದು ಬೇರೆ ಕಾರಣಕ್ಕೆ. "ಡಾಕ್ಟ್ರೇ, ಮೊಡವೆಗೆ ಎಷ್ಟು ಕ್ರೀಮ್ ಹಚ್ಚಿದರೂ ಹೋಗುತ್ತಿಲ್ಲ. ಲೇಸರ್ ಮಾಡಿಸಿಬಿಡೋಣ ಅಂತ ಬಂದೆವು" ಅಂದರು. ಮೂರು ವರ್ಷದಿಂದ ಬೇರೆ ಬೇರೆ ಮೊಡವೆ ಕ್ರೀಮ್ ಹಚ್ಚಿದ್ದರು. ಉರಿ, ಸಿಪ್ಪೆ ಬಿಟ್ಟರೆ ಬೇರೇನೂ ಆಗಿರಲಿಲ್ಲ.

ಈ ಪ್ರಕರಣವನ್ನು ಪೂರ್ತಿ ಬರೆಯೋಣ ಅನಿಸಿದ್ದು ಇದಕ್ಕೇ. ತಾಯಿಗೆ ಬೇಕಾಗಿದ್ದು ನಯವಾದ ಮುಖ. ಮಗಳಿಗೆ ಬೇಕಾಗಿದ್ದು ರಕ್ತ ಬರದ ಮುಖ. ಎರಡೂ ಒಂದೇ ಅಲ್ಲ. ಯಾರ ಮಾತು ಹಿಡಿದು ಹೊರಡುತ್ತೇವೆ ಅನ್ನುವುದರ ಮೇಲೆ ಇಡೀ ಚಿಕಿತ್ಸೆಯ ದಾರಿ ಬದಲಾಗುತ್ತದೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಮೊದಲ ದಿನ ಕಂಡಿದ್ದು

ಗುಳ್ಳೆಗಳು ಎರಡೂ ಕೆನ್ನೆಯಲ್ಲಿ, ಮೂಗಿನ ಎರಡು ಪಕ್ಕದಲ್ಲಿ, ಮೂಗಿನಿಂದ ಬಾಯಿಯ ಅಂಚಿಗೆ ಇಳಿಯುವ ಗೆರೆಯಲ್ಲಿ ಒತ್ತೊತ್ತಾಗಿ ಇದ್ದವು. ಗಲ್ಲದ ಮೇಲೂ ಒಂದಷ್ಟು. ಮೇಲ್ತುಟಿಯ ಮೇಲೆ ಮಾತ್ರ ಒಂದೂ ಇಲ್ಲ. ಚಿಕ್ಕವು 1 ಮಿಲಿಮೀಟರ್, ದೊಡ್ಡವು 4. ಎಲ್ಲವೂ ಒಂದೇ ಅಚ್ಚಿನಲ್ಲಿ ಮಾಡಿದ ಹಾಗೆ, ಗುಂಡಗೆ, ಹೊಳಪಾಗಿ, ಕೆಂಪು ಕಂದು ಬಣ್ಣದಲ್ಲಿ.

ಮೊಡವೆ ಹೀಗಿರುವುದಿಲ್ಲ. ಮೊಡವೆ ಇರುವ ಮುಖದಲ್ಲಿ ಬ್ಲ್ಯಾಕ್‌ಹೆಡ್ ಇರುತ್ತದೆ, ವೈಟ್‌ಹೆಡ್ ಇರುತ್ತದೆ, ಕೀವು ತುಂಬಿದ್ದು ಒಂದು, ಒಣಗುತ್ತಿರುವುದು ಒಂದು, ಕಲೆ ಬಿಟ್ಟು ಹೋದದ್ದು ಒಂದು. ಇಲ್ಲಿ ಅದ್ಯಾವುದೂ ಇರಲಿಲ್ಲ. ಯಾವಾಗ ಶುರುವಾಯಿತು ಅಂತ ಕೇಳಿದ್ದಕ್ಕೆ ತಾಯಿ, "ನಾಲ್ಕು ವರ್ಷದವಳಿದ್ದಾಗಲೇ ಮೂಗಿನ ಹತ್ತಿರ ಒಂದೆರಡು ಇತ್ತು" ಅಂದರು. ನಾಲ್ಕು ವರ್ಷಕ್ಕೆ ಇಂಥ ಮೊಡವೆ ಯಾರಿಗೆ ಬರುತ್ತದೆ, ಅಲ್ವಾ?

ಒಂದು ಗಾಜಿನ ಸ್ಲೈಡ್ ತೆಗೆದುಕೊಂಡು ಕೆನ್ನೆಯ ಮೇಲಿನ ಒಂದು ಗುಳ್ಳೆಯನ್ನು ಮೆಲ್ಲಗೆ ಒತ್ತಿದೆ. ಗಾಜಿನ ಕೆಳಗೆ ಕೆಂಪು ಮಾಯವಾಯಿತು. ಆದರೆ ಗುಳ್ಳೆ ಹಾಗೇ ಉಳಿಯಿತು, ಚರ್ಮದ ಬಣ್ಣದ ಒಂದು ಗಟ್ಟಿ ಕಾಳಿನ ಹಾಗೆ. ಗಾಜು ತೆಗೆದೆ, ಕೆಂಪು ಮರಳಿ ತುಂಬಿಕೊಂಡಿತು. ಎರಡು ಸೆಕೆಂಡಿನ ಕೆಲಸ ಇದು. ಆದರೆ ಮುಂದಿನ ಒಂದು ವರ್ಷದ ಚಿಕಿತ್ಸೆಗೆ ಬೇಕಾದ ಮುಖ್ಯ ಸುಳಿವು ಅದರಲ್ಲೇ ಇತ್ತು. ಒತ್ತಿದಾಗ ಹೋದದ್ದು ರಕ್ತನಾಳ. ಒತ್ತಿದರೂ ಹೋಗದೆ ನಿಂತದ್ದು ನಾರು. ಎರಡಕ್ಕೂ ಒಂದೇ ಲೇಸರ್ ಸಾಲುವುದಿಲ್ಲ.

ಆಮೇಲೆ ಬೆನ್ನು ನೋಡಬೇಕು ಅಂದೆ. ಮುಖಕ್ಕೆ ಬಂದವರಿಗೆ ಬೆನ್ನು ಯಾಕೆ ಅಂತ ತಾಯಿಗೆ ಆಶ್ಚರ್ಯ. ಸೊಂಟದ ಹತ್ತಿರ ಅಂಗೈ ಅಗಲದ ಒಂದು ದಪ್ಪ ಪಟ್ಟೆ ಇತ್ತು, ಕಿತ್ತಳೆ ಸಿಪ್ಪೆಯ ಹಾಗೆ ಕುಳಿ ಕುಳಿ. ಇದನ್ನು ಶಾಗ್ರೀನ್ ಪ್ಯಾಚ್ ಅನ್ನುತ್ತಾರೆ. ಕೋಣೆಯ ದೀಪ ಆರಿಸಿ ವುಡ್ಸ್ ಲ್ಯಾಂಪಿನ ನೇರಳೆ ಬೆಳಕು ಬಿಟ್ಟಾಗ ತೊಡೆ, ಹೊಟ್ಟೆಯ ಮೇಲೆ ಐದು ಬಿಳಚು ಮಚ್ಚೆಗಳು ಎದ್ದು ಕಂಡವು. ಒಂದೊಂದೂ 5 ಮಿಲಿಮೀಟರ್‌ಗಿಂತ ದೊಡ್ಡದು. ಎರಡು ಎಲೆಯ ಆಕಾರದಲ್ಲೇ ಇದ್ದವು. ಹಣೆಯ ಎಡಗಡೆ ಚಪ್ಪಟೆಯಾದ, ಸ್ವಲ್ಪ ಹಳದಿ ಕಂದು ಬಣ್ಣದ ಒಂದು ಗಟ್ಟಿ ಭಾಗ. ಅದನ್ನು ಹುಟ್ಟಿನ ಗುರುತು ಅಂತ ಮನೆಯವರು ಬಿಟ್ಟಿದ್ದರು.

"ಚಿಕ್ಕವಳಿದ್ದಾಗ ಫಿಟ್ಸ್ ಬಂದಿತ್ತಾ?" ಅಂತ ಕೇಳಿದೆ. ತಾಯಿ ಸುಮ್ಮನಾದರು. ಎರಡು ವರ್ಷದವಳಿದ್ದಾಗ ಬಂದಿತ್ತಂತೆ. ಜ್ವರಕ್ಕೆ ಬಂದದ್ದು ಅಂದುಕೊಂಡಿದ್ದರು. ಒಂದಷ್ಟು ವರ್ಷ ಮಾತ್ರೆ ಕೊಟ್ಟು ನಿಲ್ಲಿಸಿದ್ದರು. ಈಗಲೂ ತರಗತಿಯಲ್ಲಿ ಒಂದೊಂದು ಸಲ ಕೆಲವು ಕ್ಷಣ ಎತ್ತಲೋ ನೋಡುತ್ತಾ ಕೂತುಬಿಡುತ್ತಾಳೆ ಅಂತ ಟೀಚರ್ ಹೇಳಿದ್ದರಂತೆ.

ಕಾಯಿಲೆಯ ಹೆಸರು

ಇದು ಟ್ಯೂಬರಸ್ ಸ್ಕ್ಲೆರೋಸಿಸ್. ಮುಖದ ಗುಳ್ಳೆಗಳ ಹೆಸರು ಆಂಜಿಯೋಫೈಬ್ರೋಮಾ. ಆಂಜಿಯೋ ಅಂದರೆ ರಕ್ತನಾಳ, ಫೈಬ್ರೋ ಅಂದರೆ ನಾರು. ಗಾಜಿನ ಸ್ಲೈಡ್ ತೋರಿಸಿದ್ದೇ ಹೆಸರಿನಲ್ಲೂ ಇದೆ. ಈ ಕಾಯಿಲೆಯಲ್ಲಿ ಮಿದುಳಿನಲ್ಲಾಗುವ ಬದಲಾವಣೆಗಳನ್ನು ಫ್ರಾನ್ಸಿನ ವೈದ್ಯ ಬೂರ್ನ್‌ವಿಲ್ 1880ರಲ್ಲಿ ವಿವರಿಸಿದರು. 1890ರಲ್ಲಿ ಪ್ರಿಂಗಲ್ ಅನ್ನುವ ಚರ್ಮರೋಗ ವೈದ್ಯರು ಮುಖದ ಗುಳ್ಳೆಗಳ ಬಗ್ಗೆ ಬರೆದರು. ಆಗ ಇವು ಎಣ್ಣೆ ಗ್ರಂಥಿಯ ಗಂಟು ಅಂದುಕೊಂಡು 'ಅಡಿನೋಮಾ ಸೆಬೇಶಿಯಂ' ಅಂತ ಕರೆದರು. ಎಣ್ಣೆ ಗ್ರಂಥಿಗೂ ಇದಕ್ಕೂ ಸಂಬಂಧವೇ ಇಲ್ಲ. ಆದರೂ ಆ ಹೆಸರು ಬಹಳ ಕಾಲ ಉಳಿಯಿತು.

ಸುಮಾರು 6,000 ಹೆರಿಗೆಗೆ ಒಂದು ಮಗುವಿನಲ್ಲಿ ಇದು ಕಾಣಿಸುತ್ತದೆ. ಟಿಎಸ್‌ಸಿ1 ಅಥವಾ ಟಿಎಸ್‌ಸಿ2 ಅನ್ನುವ ಜೀನ್ ಕೆಟ್ಟಿರುತ್ತದೆ. ಈ ಎರಡು ಜೀನ್‌ಗಳು ಸರಿಯಿದ್ದರೆ ಜೀವಕೋಶದೊಳಗಿನ ಎಂಟಾರ್ ಅನ್ನುವ ಬೆಳವಣಿಗೆಯ ಸ್ವಿಚ್ಚನ್ನು ಹಿಡಿದಿಟ್ಟಿರುತ್ತವೆ. ಕೆಟ್ಟರೆ ಸ್ವಿಚ್ ಆನ್ ಆಗೇ ಉಳಿಯುತ್ತದೆ. ಚರ್ಮ, ಮಿದುಳು, ಮೂತ್ರಪಿಂಡ, ಹೃದಯ, ಶ್ವಾಸಕೋಶ, ಎಲ್ಲಿ ಬೇಕಾದರೂ ಗಂಟು ಬೆಳೆಯಬಹುದು. ಮೂರರಲ್ಲಿ ಎರಡು ಮಕ್ಕಳಲ್ಲಿ ಇದು ತಂದೆತಾಯಿಯಿಂದ ಬಂದಿರುವುದಿಲ್ಲ, ಹೊಸದಾಗಿ ಆದ ಬದಲಾವಣೆ. ಈ ತಾಯಿಗೆ ನಾನು ಮೊದಲು ಹೇಳಿದ ಮಾತೇ ಅದು. ಬಸಿರಿದ್ದಾಗ ತಾನು ಏನೋ ತಪ್ಪು ಮಾಡಿದೆ ಅಂತ ಅವರು ಆಗಲೇ ಹುಡುಕತೊಡಗಿದ್ದರು. ತಂದೆತಾಯಿ ಇಬ್ಬರ ಚರ್ಮವನ್ನೂ ನೋಡಿದೆವು, ಏನೂ ಇರಲಿಲ್ಲ.

ಬಯಾಪ್ಸಿ ಮಾಡಲಿಲ್ಲ. ಮುಖದಲ್ಲಿ ಮೂರಕ್ಕಿಂತ ಹೆಚ್ಚು ಆಂಜಿಯೋಫೈಬ್ರೋಮಾ, ಮೂರಕ್ಕಿಂತ ಹೆಚ್ಚು ಬಿಳಚು ಮಚ್ಚೆ, ಶಾಗ್ರೀನ್ ಪ್ಯಾಚ್. ಇವೆಲ್ಲ ಮುಖ್ಯ ಲಕ್ಷಣಗಳು. ಎರಡು ಮುಖ್ಯ ಲಕ್ಷಣ ಇದ್ದರೆ ರೋಗ ಖಚಿತ ಅಂತ ಒಪ್ಪಿತ ಮಾನದಂಡ ಹೇಳುತ್ತದೆ. ಇಲ್ಲಿ ಮೂರಿದ್ದವು. ಸುಮ್ನೆ ಮಗುವಿನ ಮುಖದಿಂದ ಒಂದು ತುಂಡು ತೆಗೆಯುವ ಅಗತ್ಯ ಇರಲಿಲ್ಲ.

ಲೇಸರ್ ಯಾಕೆ ಎರಡು ತಿಂಗಳು ಕಾಯಿತು

ಮಿದುಳು, ಕಿಡ್ನಿ, ಹೃದಯದ ಪರೀಕ್ಷೆ ಮುಗಿದ ಮೇಲೇ ಲೇಸರ್ ಅಂದೆ. ತಾಯಿಗೆ ಇದು ಒಪ್ಪಿಗೆಯಾಗಲಿಲ್ಲ. "ಬಂದದ್ದು ಮುಖಕ್ಕೆ, ನೀವು ಮಿದುಳು, ಕಿಡ್ನಿ ಅಂತ ಹೇಳುತ್ತಿದ್ದೀರಿ" ಅಂದರು. ಅವರ ಸಂಕಟ ನ್ಯಾಯವಾದದ್ದೇ. ಆದರೂ ಈ ಕಾಯುವಿಕೆಯನ್ನು ನಾನು ಬಿಡುವುದಿಲ್ಲ. ಮೂತ್ರಪಿಂಡದ ಗಂಟಿಗೋ ಮಿದುಳಿನ ಗಂಟಿಗೋ ಎವೆರೋಲಿಮಸ್‌ನಂಥ ಎಂಟಾರ್ ತಡೆಯುವ ಮಾತ್ರೆ ಬೇಕಾಗಿ ಬಂದರೆ, ಅದರಿಂದ ಮುಖದ ಗುಳ್ಳೆಗಳೂ ಕುಗ್ಗುತ್ತವೆ. ಆಗ ಲೇಸರ್ ಕೆಲಸ ಎಷ್ಟೋ ಕಡಿಮೆಯಾಗುತ್ತದೆ. ಇನ್ನೊಂದು, ಅದೇ ಮಾತ್ರೆ ಗಾಯ ಮಾಗುವುದನ್ನು ನಿಧಾನ ಮಾಡುತ್ತದೆ. ಲೇಸರ್ ಮಾಡಿ ಹಸಿ ಗಾಯ ಇರುವಾಗ ಅದು ಶುರುವಾದರೆ ಕಷ್ಟ. ಅರಿವಳಿಕೆ ಕೊಡುವವರಿಗೂ ಹೃದಯದ ಬಡಿತ, ಬಿಪಿ, ಕಿಡ್ನಿ ಹೇಗಿದೆ ಅಂತ ಗೊತ್ತಿರಬೇಕು.

ಮಿದುಳಿನ ಎಂಆರ್‌ಐನಲ್ಲಿ ಟ್ಯೂಬರ್ ಅನ್ನುವ ಗಡ್ಡೆಯಂಥ ಗಟ್ಟಿ ಭಾಗಗಳು, ಒಂದೆರಡು ಚಿಕ್ಕ ಗಂಟು ಕಂಡವು. ಮಿದುಳಿನೊಳಗಿನ ದ್ರವ ಹರಿಯುವ ದಾರಿಗೆ ಅಡ್ಡ ಬರುವಂಥದ್ದು ಇರಲಿಲ್ಲ. ಎರಡೂ ಮೂತ್ರಪಿಂಡದಲ್ಲಿ 1 ಸೆಂಟಿಮೀಟರ್‌ನಷ್ಟು ದೊಡ್ಡ ಆಂಜಿಯೋಮಯೋಲಿಪೋಮಾ ಇತ್ತು, ಅಂದರೆ ರಕ್ತನಾಳ, ಸ್ನಾಯು, ಕೊಬ್ಬು ಸೇರಿದ ಗಂಟು. 3 ಸೆಂಟಿಮೀಟರ್ ದಾಟಿ ಬೆಳೆಯುತ್ತಿದ್ದರೆ ಔಷಧದ ಮಾತು. ಈಗ ನೋಡುತ್ತಾ ಇರುವುದು ಸಾಕು. ಹೃದಯ, ಬಿಪಿ ಚೆನ್ನಾಗಿತ್ತು. ಮಿದುಳಿನ ವಿದ್ಯುತ್ ಚಟುವಟಿಕೆ ನೋಡುವ ಇಇಜಿಯಲ್ಲಿ ಮಾತ್ರ ತೊಂದರೆ ಕಂಡಿತು. ತರಗತಿಯಲ್ಲಿ ಎತ್ತಲೋ ನೋಡುತ್ತಾ ಕೂರುತ್ತಿದ್ದದ್ದು ಅನ್ಯಮನಸ್ಕತೆ ಅಲ್ಲ, ಫಿಟ್ಸ್. ನರರೋಗ ತಜ್ಞರು ಮಾತ್ರೆ ಶುರು ಮಾಡಿದರು. ಎರಡು ತಿಂಗಳಲ್ಲಿ ಆ ನೋಟ ನಿಂತಿತು. ಗಮನ ಕೊಡುವುದಿಲ್ಲ ಅಂತ ಅವಳನ್ನು ಎಷ್ಟು ಸಲ ಬೈದಿದ್ದೆವು ಅಂತ ತಾಯಿ ಹೇಳಿ ಅತ್ತರು.

ಲೇಸರ್ ಬೆಳಕಿನಿಂದ ಫಿಟ್ಸ್ ಬರುತ್ತದಾ ಅಂತಲೂ ಅವರು ಕೇಳಿದರು. ಒಳ್ಳೆಯ ಪ್ರಶ್ನೆ. ಮಿನುಗುವ ಬೆಳಕಿಗೆ ಫಿಟ್ಸ್ ಬರುವುದು ಕೆಲವರಿಗೆ ಮಾತ್ರ. ಇಇಜಿ ಮಾಡುವಾಗ ಮಿನುಗುವ ಬೆಳಕು ಬಿಟ್ಟೇ ನೋಡುತ್ತಾರೆ. ಇವಳ ಮಿದುಳು ಅದಕ್ಕೆ ಅಲುಗಲಿಲ್ಲ. ಅಲ್ಲದೆ ಬೆಳಕು ತೂರದ ಕಣ್ಣಿನ ಕವಚ ಇಲ್ಲದೆ ಲೇಸರ್ ಮಾಡುವ ಮಾತೇ ಇಲ್ಲ.

ಯಾವ ಬೆಳಕು, ಯಾವುದಕ್ಕೆ

1983ರಲ್ಲಿ ಆಂಡರ್ಸನ್ ಮತ್ತು ಪ್ಯಾರಿಶ್ ಎಂಬ ಇಬ್ಬರು ವೈದ್ಯರು ಒಂದು ಸರಳ ವಿಚಾರ ಮುಂದಿಟ್ಟರು. ನಮಗೆ ಬೇಕಾದ ವಸ್ತು ಮಾತ್ರ ಹೀರುವ ಬಣ್ಣದ ಬೆಳಕನ್ನು ಆರಿಸಿ, ಆ ವಸ್ತುವಿನ ಬಿಸಿ ಸುತ್ತಲಿಗೆ ಹರಡುವ ಮೊದಲೇ ಬೆಳಕು ನಿಲ್ಲಿಸಿದರೆ, ಅಕ್ಕಪಕ್ಕದ ಚರ್ಮ ಉಳಿಯುತ್ತದೆ. ಇವತ್ತಿನ ಚರ್ಮದ ಲೇಸರ್‌ಗಳು ಬಹುಪಾಲು ಇದರ ಮೇಲೇ ನಿಂತಿವೆ.

ಕೆಂಪಿಗೆ ಪಲ್ಸ್ಡ್ ಡೈ ಲೇಸರ್, ಬೆಳಕಿನ ತರಂಗಾಂತರ 595 ನ್ಯಾನೋಮೀಟರ್. ಈ ಬೆಳಕನ್ನು ರಕ್ತದ ಹಿಮೋಗ್ಲೋಬಿನ್ ಹೀರುತ್ತದೆ, ಸಣ್ಣ ರಕ್ತನಾಳ ಬಿಸಿಯಾಗಿ ಮುಚ್ಚಿಕೊಳ್ಳುತ್ತದೆ. ಚರ್ಮ ಹರಿಯುವುದಿಲ್ಲ. ಆದರೆ ನಾರಿನ ಗಂಟನ್ನು ಇದು ಕರಗಿಸುವುದಿಲ್ಲ. ಅದಕ್ಕೆ ಕಾರ್ಬನ್ ಡೈಆಕ್ಸೈಡ್ ಲೇಸರ್, 10,600 ನ್ಯಾನೋಮೀಟರ್. ಇದನ್ನು ನೀರು ಹೀರುತ್ತದೆ. ಚರ್ಮದ ತುಂಬ ನೀರೇ ಇರುವುದರಿಂದ ಮುಟ್ಟಿದ ಜಾಗ ಆವಿಯಾಗುತ್ತದೆ. ಗುಳ್ಳೆಯನ್ನು ಪದರ ಪದರವಾಗಿ ಇಳಿಸಬಹುದು. ಗಾಯವೂ ಆಗುತ್ತದೆ, ಜಾಸ್ತಿ ಆಳ ಹೋದರೆ ಕಲೆಯೂ ಉಳಿಯುತ್ತದೆ.

ಇವಳ ಮೈಬಣ್ಣ ಕಂದು. ಕಂದು ಚರ್ಮದಲ್ಲಿ ಮೆಲನಿನ್ ಅನ್ನುವ ಬಣ್ಣದ ವಸ್ತು ಜಾಸ್ತಿ. ರಕ್ತಕ್ಕೆ ಹೋಗಬೇಕಾದ ಬೆಳಕಿನ ಒಂದು ಪಾಲನ್ನು ಮೇಲೇ ಇರುವ ಮೆಲನಿನ್ ಕಸಿದುಕೊಳ್ಳುತ್ತದೆ. ಪರಿಣಾಮ ಕಡಿಮೆ, ಕಪ್ಪು ಕಲೆಯ ಅಪಾಯ ಜಾಸ್ತಿ. ಅದಕ್ಕೇ ಮೊದಲು ಪರೀಕ್ಷೆಗೆ ಅಂತ ಕಿವಿಯ ಮುಂದಿನ ಕೆನ್ನೆಯ ಭಾಗದಲ್ಲಿ ಮೂರು ಕಡೆ ಮಾಡಿದೆ. ಚುಕ್ಕೆ 7 ಮಿಲಿಮೀಟರ್, ಚದರ ಸೆಂಟಿಮೀಟರ್‌ಗೆ 6, 7, 8 ಜೌಲ್ ಶಕ್ತಿ, ಪ್ರತಿ ಸಲವೂ ತಂಪು ಗಾಳಿಯೊಂದಿಗೆ. ಈ ಅಂಕಿಗಳನ್ನು ಯಾರೂ ಇನ್ನೊಂದು ಯಂತ್ರಕ್ಕೆ, ಇನ್ನೊಂದು ಮುಖಕ್ಕೆ ಹಾಗೇ ಎತ್ತಿ ಹಾಕಬಾರದು.

ಮಾಡುವ ಮೊದಲು ಅವಳ ಮುಂಗೈ ಮೇಲೆ ಒಂದೇ ಒಂದು ಹೊಡೆತ ತೋರಿಸಿದೆ. "ರಬ್ಬರ್ ಬ್ಯಾಂಡ್ ಎಳೆದು ಬಿಟ್ಟ ಹಾಗೆ" ಅಂದಳು ಅವಳೇ. "ಕೈ ಎತ್ತಿದರೆ ನಿಲ್ಲಿಸುತ್ತೇನೆ, ಯಾಕೆ ಅಂತ ಕೇಳುವುದಿಲ್ಲ" ಅಂತ ಮಾತು ಕೊಟ್ಟೆ. ಎರಡನೆಯ ಹೊಡೆತಕ್ಕೆ ಕೈ ಎತ್ತಿದಳು. ನಿಲ್ಲಿಸಿದೆ. ಐದು ನಿಮಿಷ ಬಿಟ್ಟು ಅವಳೇ "ಆಯ್ತು, ಮಾಡಿ" ಅಂದಳು. ನಾನು ನಿಜವಾಗಿ ನಿಲ್ಲಿಸುತ್ತೇನಾ ಅಂತ ನೋಡಿದ್ದಳು ಅಂತ ನನ್ನ ನಂಬಿಕೆ. ಮಕ್ಕಳ ಜೊತೆ ಕೆಲಸ ಮಾಡುವಾಗ ಆ ಒಂದು ನಿಲ್ಲಿಸುವಿಕೆ ಎಷ್ಟೋ ಅರಿವಳಿಕೆಗೆ ಸಮ.

ಎಂಟು ವಾರ ಕಾದೆವು. 6 ಜೌಲ್‌ನ ಜಾಗದಲ್ಲಿ ಏನೂ ಬದಲಾವಣೆ ಇಲ್ಲ. 7ರಲ್ಲಿ ಕೆಂಪು ಚೆನ್ನಾಗಿ ಇಳಿದಿತ್ತು. 8ರ ಜಾಗದಲ್ಲಿ ಉಂಗುರದ ಹಾಗೆ ಕಪ್ಪು ಕಲೆ. ಆ ಕಲೆ ಮಾಯಲು ಐದು ತಿಂಗಳು ಹಿಡಿಯಿತು. ಕಿವಿಯ ಮುಂದೆ ಇದ್ದದ್ದರಿಂದ ಕೂದಲಲ್ಲಿ ಮುಚ್ಚಿಹೋಯಿತು. ಇಡೀ ಮುಖವನ್ನು ಆ ಶಕ್ತಿಯಲ್ಲಿ ಮಾಡಿದ್ದರೆ ಅವಳ ಆ ಐದು ತಿಂಗಳು ಹೇಗಿರುತ್ತಿತ್ತು ಅಂತ ಯೋಚಿಸಿದರೆ ಈಗಲೂ ಎದೆ ಭಾರವಾಗುತ್ತದೆ.

ದೊಡ್ಡ ದಿನ

ಅಷ್ಟು ಹೊತ್ತಿಗೆ ಎಲ್ಲಿಂದ ಶುರು ಮಾಡಬೇಕು ಅಂತ ಅವಳನ್ನೇ ಕೇಳಿದ್ದೆ. ಕೈಗನ್ನಡಿ ಕೊಟ್ಟು, ಒಂದು ಪೆನ್ ಕೊಟ್ಟೆ. ಮೂಗಿನ ಪಕ್ಕದ ಹನ್ನೊಂದು ಗುಳ್ಳೆಗಳಿಗೆ ಚುಕ್ಕೆ ಇಟ್ಟಳು. ರಕ್ತ ಬರುವವು ಅವೇ. ಆಮೇಲೆ ಗಲ್ಲದ ಮೇಲೆ ಮೂರು. ಹಣೆಯ ಪಟ್ಟೆ? "ಅದು ಇರಲಿ. ಅದು ನನಗೆ ಮೊದಲಿನಿಂದಲೂ ಇದೆ" ಅಂದಳು. ತಾಯಿಗೆ ಹಣೆಯದೇ ಮೊದಲು ಹೋಗಬೇಕಿತ್ತು. ಹಣೆ ಬಿಟ್ಟೆವು.

ಎರಡು ಲೇಸರನ್ನೂ ಒಂದೇ ಸಲ, ಪೂರ್ಣ ಅರಿವಳಿಕೆಯಲ್ಲಿ ಮಾಡಲು ತೀರ್ಮಾನಿಸಿದೆವು. ಆ ದಿನ ಬೆಳಿಗ್ಗೆ ಖಾಲಿ ಹೊಟ್ಟೆ ಅಂತ ಫಿಟ್ಸ್ ಮಾತ್ರೆ ತಪ್ಪಿಸುವಂತಿಲ್ಲ. ಒಂದು ಗುಟುಕು ನೀರಿನಲ್ಲಿ ಕೊಡಿ ಅಂತ ಅರಿವಳಿಕೆ ವೈದ್ಯರು ಹಿಂದಿನ ದಿನವೇ ಬರೆದುಕೊಟ್ಟಿದ್ದರು. ಕಣ್ಣಿಗೆ ಹನಿ ಹಾಕಿ, ಜೆಲ್ ಸವರಿ, ರೆಪ್ಪೆಯ ಒಳಗೆ ಲೋಹದ ಕವಚ ಇಟ್ಟೆವು. ಗುಳ್ಳೆ ಕಣ್ಣಿನ ಹತ್ತಿರ ಇರುವಾಗ ಹೊರಗಿನ ಕನ್ನಡಕ ಸಾಲದು. ಲೇಸರ್ ಮತ್ತು ಆಮ್ಲಜನಕ ಒಟ್ಟಿಗೆ ಇದ್ದ ಕಡೆ ಬೆಂಕಿಯ ಭಯ ಇದ್ದೇ ಇರುತ್ತದೆ. ಹಾಗಾಗಿ ಹುಬ್ಬು, ಕೂದಲಿನ ಅಂಚು, ಸುತ್ತಲಿನ ಬಟ್ಟೆ ಎಲ್ಲ ಒದ್ದೆ. ಆಮ್ಲಜನಕದ ಪ್ರಮಾಣ ಎಷ್ಟು ಸಾಧ್ಯವೋ ಅಷ್ಟು ಕಡಿಮೆ. ಹೊಗೆ ಎಳೆಯುವ ಕೊಳವೆ ಮುಖದ ಪಕ್ಕದಲ್ಲೇ.

ಮೊದಲು ಪಲ್ಸ್ಡ್ ಡೈ, 7 ಜೌಲ್. ಆಮೇಲೆ ಕಾರ್ಬನ್ ಡೈಆಕ್ಸೈಡ್. ಒಂದು ಗುಳ್ಳೆಗೆ ಕೆಲವು ಸೆಕೆಂಡ್. ಮೇಲಿನ ಪದರ ಬೆಳ್ಳಗೆ ಸುಕ್ಕುತ್ತದೆ. ಸಲೈನ್‌ನಲ್ಲಿ ಅದ್ದಿದ ಗಾಜ್ ಬಟ್ಟೆಯಿಂದ ಆ ಕರಕು ಒರೆಸಬೇಕು. ಮತ್ತೆ ಒಂದು ಪದರ, ಮತ್ತೆ ಒರೆಸು. ಕೆಳಗೆ ಹೊಳೆಯುವ ಬಿಳಿ ನಾರು ಕಾಣುತ್ತದೆ. ಅದು ಕಂಡಾಗ ಇನ್ನೂ ಸ್ವಲ್ಪ ತೆಗೆಯೋಣ ಅಂತ ಕೈ ತುಡಿಯುತ್ತದೆ. ಅಲ್ಲೇ ತಡೆದುಕೊಳ್ಳಬೇಕು. ಗುಳ್ಳೆ ಸುತ್ತಲಿನ ಚರ್ಮದ ಮಟ್ಟಕ್ಕೆ ಬಂತಾ, ನಿಲ್ಲಿಸು. ಬೇರು ಕೀಳಲು ಹೋದರೆ ಗುಳ್ಳೆಯ ಜಾಗದಲ್ಲಿ ಕುಳಿ ಉಳಿಯುತ್ತದೆ. ಅವಳು ಚುಕ್ಕೆ ಇಟ್ಟ ಹದಿನಾಲ್ಕು ಮುಗಿಸಿ, ಅವಳ ಜೊತೆ ಮೊದಲೇ ಮಾತಾಡಿಕೊಂಡಂತೆ ಕೆನ್ನೆಯ ದೊಡ್ಡವನ್ನೂ ಇಳಿಸಿದೆ. ಒಟ್ಟು 50 ನಿಮಿಷ.

ಮೊದಲ ವಾರ ಕಷ್ಟದ್ದು. ಡೈ ಲೇಸರ್ ಮಾಡಿದ ಜಾಗ ನೇರಳೆ ಬಣ್ಣಕ್ಕೆ ತಿರುಗಿತು, ಹತ್ತು ದಿನ ಹಾಗೇ ಇತ್ತು. ಇದನ್ನು ಮೊದಲೇ ಫೋಟೋ ತೋರಿಸಿ ಹೇಳಿದ್ದರಿಂದ ಹುಡುಗಿ ಹೆದರಲಿಲ್ಲ. ಅಜ್ಜಿ ಹೆದರಿದರು. ಅವರಿಗೆ ಯಾರೂ ಹೇಳಿರಲಿಲ್ಲ. ಅವತ್ತಿನಿಂದ ನಾನು ಮನೆಯಲ್ಲಿ ಯಾರ್ಯಾರು ಇದ್ದಾರೆ ಅಂತ ಕೇಳಿ ಎಲ್ಲರನ್ನೂ ಕೂರಿಸಿಕೊಂಡು ಹೇಳುತ್ತೇನೆ. ವ್ಯಾಸಲೀನ್, ತೆಳು ಡ್ರೆಸ್ಸಿಂಗ್, ಬಿಸಿಲಿಗೆ ಹೋಗದಿರುವುದು, ಆಮೇಲೆ ಸನ್‌ಸ್ಕ್ರೀನ್. ಎರಡು ವಾರದಲ್ಲಿ ಗಾಯ ಮುಚ್ಚಿತು.

ಮತ್ತೆ ಬರುತ್ತವೆ ಅನ್ನುವ ಮಾತು

ಇದನ್ನು ಮೊದಲ ಹೊಡೆತಕ್ಕೂ ಮುಂಚೆ ಹೇಳಿದ್ದೆ. ಲೇಸರ್ ಗುಳ್ಳೆಯನ್ನು ಇಳಿಸುತ್ತದೆ. ಸ್ವಿಚ್ಚನ್ನು ಆರಿಸುವುದಿಲ್ಲ. ಜೀನ್ ಹಾಗೇ ಇರುತ್ತದೆ. ಅದರಲ್ಲೂ ಬೆಳೆಯುವ ವಯಸ್ಸಿನಲ್ಲಿ ಗುಳ್ಳೆಗಳು ದೊಡ್ಡದಾಗುವುದೇ ಜಾಸ್ತಿ. ಲೇಸರ್ ಒಂದನ್ನೇ ನಂಬಿಕೊಂಡರೆ ಮತ್ತೆ ಮತ್ತೆ ಅರಿವಳಿಕೆ ಕೊಡಬೇಕಾಗುತ್ತದೆ.

ಸ್ವಿಚ್ಚಿನ ಮೇಲೆ ಕೆಲಸ ಮಾಡುವುದು ಸಿರೋಲಿಮಸ್. ಈಸ್ಟರ್ ದ್ವೀಪದ ಮಣ್ಣಿನಲ್ಲಿದ್ದ ಒಂದು ಬ್ಯಾಕ್ಟೀರಿಯಾದಿಂದ ಸಿಕ್ಕ ಔಷಧ ಇದು. ಆ ದ್ವೀಪಕ್ಕೆ ಅಲ್ಲಿನ ಜನ ರಾಪಾ ನುಯಿ ಅನ್ನುತ್ತಾರೆ, ಅದಕ್ಕೇ ಇದರ ಇನ್ನೊಂದು ಹೆಸರು ರಾಪಾಮೈಸಿನ್. ಎಂಟಾರ್ ಅನ್ನುವ ಸ್ವಿಚ್ಚಿನ ಹೆಸರಿನಲ್ಲಿರುವ 'ಆರ್' ಕೂಡ ರಾಪಾಮೈಸಿನ್‌ನದೇ. 0.2 ಶೇಕಡಾ ಸಿರೋಲಿಮಸ್ ಜೆಲ್‌ಗೆ 2018ರಲ್ಲಿ ಜಪಾನ್ ಒಪ್ಪಿಗೆ ಕೊಟ್ಟಿತು, 2022ರಲ್ಲಿ ಅಮೆರಿಕ ಆರು ವರ್ಷ ಮತ್ತು ಮೇಲ್ಪಟ್ಟವರಿಗೆ. ಚಿಕ್ಕ, ಕೆಂಪು, ಮೆತ್ತನೆಯ ಗುಳ್ಳೆಗಳ ಮೇಲೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ದಪ್ಪ ನಾರಿನ ಗಂಟಿನ ಮೇಲೆ ಅಷ್ಟಿಲ್ಲ. ಹಾಗಾಗಿ ದೊಡ್ಡದನ್ನು ಲೇಸರ್ ಇಳಿಸಲಿ, ಚಿಕ್ಕದನ್ನು ಜೆಲ್ ತಡೆದಿಡಲಿ ಅಂತ ಲೆಕ್ಕ. ಹಾಗಾದರೆ ಜೆಲ್ ಮೊದಲು ಹಚ್ಚಿ ನೋಡಬಹುದಿತ್ತಲ್ಲ ಅಂತ ಕೇಳಬಹುದು. ಬರೀ ಚಿಕ್ಕ ಗುಳ್ಳೆಗಳಿರುವ ಐದಾರು ವರ್ಷದ ಮಗು ಬಂದರೆ ನಾನು ಹಾಗೇ ಮಾಡುತ್ತೇನೆ. ಇವಳದು ತಡವಾಗಿ ಗೊತ್ತಾದ ಪ್ರಕರಣ. ಮೂರು ವರ್ಷ ಮೊಡವೆ ಕ್ರೀಮಿನಲ್ಲಿ ಕಳೆದುಹೋಗಿತ್ತು.

ಚರ್ಮ ಪೂರ್ತಿ ಮಾಗಿದ ಮೇಲೆ, ಐದನೇ ವಾರದಿಂದ, ದಿನಕ್ಕೆ ಎರಡು ಸಲ ಜೆಲ್ ಶುರು ಮಾಡಿದೆವು. ಮೊದಲ ದಿನಗಳಲ್ಲಿ ಉರಿ ಅಂದಳು. ಒಂದು ವಾರ ದಿನಕ್ಕೆ ಒಂದೇ ಸಲ ಮಾಡಿ, ಆಮೇಲೆ ಎರಡಕ್ಕೆ ಏರಿಸಿದೆವು. ಮೂರನೇ ತಿಂಗಳು, ಆರನೇ ತಿಂಗಳು ಬರೀ ಮರಗಟ್ಟಿಸುವ ಕ್ರೀಮ್ ಹಚ್ಚಿ ಡೈ ಲೇಸರ್ ಚಿಕ್ಕದಾಗಿ ಮಾಡಿದೆ. ಎರಡೂ ಸಲ ಕೈ ಎತ್ತಲಿಲ್ಲ.

ಒಂಬತ್ತನೇ ತಿಂಗಳಲ್ಲಿ ಪರೀಕ್ಷೆಯ ಗಡಿಬಿಡಿಯಲ್ಲಿ ಜೆಲ್ ತಪ್ಪಿತು. ಏಳು ವಾರ. ಗಲ್ಲದ ಮೇಲೆ ನಾಲ್ಕು ಹೊಸ ಕೆಂಪು ಚುಕ್ಕೆ ಎದ್ದವು. ತಾಯಿ ಮಗಳನ್ನು ಬೈಯುತ್ತಲೇ ಒಳಗೆ ಬಂದರು. ನಾನು ಬೈಯಲಿಲ್ಲ. ಹನ್ನೆರಡು ವರ್ಷದ ಮಗು ದಿನಕ್ಕೆ ಎರಡು ಸಲ, ವರ್ಷಗಟ್ಟಲೆ, ಒಂದು ದಿನವೂ ತಪ್ಪದೆ ಜೆಲ್ ಹಚ್ಚಬೇಕು ಅಂದರೆ ಅದು ದೊಡ್ಡವರಿಗೂ ಕಷ್ಟ. ಹಲ್ಲುಜ್ಜುವ ಬ್ರಷ್ಷಿನ ಪಕ್ಕದಲ್ಲೇ ಟ್ಯೂಬ್ ಇಡುವುದು ಅಂತ ಅವಳೇ ದಾರಿ ಹುಡುಕಿದಳು. ಹತ್ತು ವಾರದಲ್ಲಿ ನಾಲ್ಕರಲ್ಲಿ ಮೂರು ಮಸುಕಾದವು. ಒಂದು ಉಳಿದಿದೆ.

ಈಗ ಹದಿನಾಲ್ಕು ತಿಂಗಳು. ಅದೇ ಬೆಳಕಿನಲ್ಲಿ, ಅದೇ ದೂರದಿಂದ ತೆಗೆದ ಫೋಟೋಗಳನ್ನು ಪಕ್ಕದಲ್ಲಿಟ್ಟು ನೋಡಿದೆವು. ಮೂಗಿನ ಪಕ್ಕ ಸಮವಾಗಿದೆ, ಎರಡು ಕಡೆ ಚರ್ಮ ಸ್ವಲ್ಪ ಬಿಳಚಿದೆ. ಹತ್ತಿರದಿಂದ ನೋಡಿದರೆ ಕಾಣುತ್ತದೆ. ಕೆನ್ನೆಯಲ್ಲಿ ಚಿಕ್ಕವು ಇನ್ನೂ ಇವೆ. ರಕ್ತ ಬರುವುದು ನಿಂತಿದೆ. ಫಿಟ್ಸ್ ಇಲ್ಲ. ಮುಂದಿನ ತಿಂಗಳು ಕಿಡ್ನಿಯ ಎಂಆರ್‌ಐ ಇದೆ. ದೊಡ್ಡವಳಾದ ಮೇಲೆ ಶ್ವಾಸಕೋಶವನ್ನೂ ನೋಡಬೇಕು, ಹೆಂಗಸರಲ್ಲಿ ಈ ಕಾಯಿಲೆ ಅಲ್ಲೂ ಕಾಣಿಸಿಕೊಳ್ಳುತ್ತದೆ. ತನಗೆ ಮುಂದೆ ಮಕ್ಕಳಾದರೆ ಹೇಗೆ ಅಂತ ಅವಳು ಒಂದು ದಿನ ಕೇಳುತ್ತಾಳೆ. ಮಗುವಿಗೂ ಈ ಕಾಯಿಲೆ ಬರಲು ಎರಡರಲ್ಲಿ ಒಂದು ಸಾಧ್ಯತೆ ಅನ್ನುವುದನ್ನು ಕೂತು ಹೇಳಬೇಕು. ಆ ದಿನ ಇನ್ನೂ ದೂರ ಇದೆ.

ಹಣೆಯ ಬಗ್ಗೆ ಮತ್ತೆ ಕೇಳಿದೆ. ಕನ್ನಡಿ ತೆಗೆದುಕೊಂಡು ಸ್ವಲ್ಪ ಹೊತ್ತು ನೋಡಿದಳು. "ಇನ್ನೂ ಯೋಚನೆ ಮಾಡ್ತಿದೀನಿ" ಅಂದಳು. ಫೈಲಿನಲ್ಲಿ ಹಾಗೇ ಬರೆದೆ. ಹೋಗುವಾಗ ಬ್ಯಾಗಿನ ಜಿಪ್ ಪೂರ್ತಿ ಹಾಕಿರಲಿಲ್ಲ, ಟವೆಲ್ಲಿನ ಅಂಚು ಹೊರಗೆ ಕಾಣುತ್ತಿತ್ತು. ತಿಳಿ ಹಳದಿ.